ಖಿನ್ನತೆಗೆ ಚಿಕಿತ್ಸೆ: ಮೊದಲ ದಿನದಿಂದ ಗುಳಿಗೆ ಬಿಡುವ ದಿನದವರೆಗೆ

ಖಿನ್ನತೆ ವಾಸಿಯಾಗುವ ಕಾಯಿಲೆ. ಆದರೂ ನಮ್ಮ ಬಾಗಲಕೋಟೆ ಕಡೆ ಎಷ್ಟೋ ಮನೆಗಳಲ್ಲಿ ಅದು ವರ್ಷಗಟ್ಟಲೆ ಎಳೆಯುತ್ತದೆ. ಔಷಧ ಸಿಗುತ್ತದೆ, ಡಾಕ್ಟರೂ ಸಿಗುತ್ತಾರೆ. ನಾವು ಶುರು ಮಾಡಿದ್ದನ್ನು ನಡುವೆ ಬಿಡುತ್ತೇವೆ. ವಾರವಾದರೂ ಗುಣ ಕಾಣಲಿಲ್ಲ ಅಂತ ಕೆಲವರು ಬಿಡುತ್ತಾರೆ. ಎರಡು ತಿಂಗಳಿಗೆ ಆರಾಮಾಯಿತು ಅಂತ ಇನ್ನು ಕೆಲವರು ಬಿಡುತ್ತಾರೆ. ಈ ಎರಡು ಹೊತ್ತನ್ನು ದಾಟುವುದು ಹೇಗೆ ಅಂತ ಹೇಳಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ. ನೀವು ನಿಮಗಾಗಿ ಓದುತ್ತಿರಬಹುದು, ಮನೆಯವರಿಗಾಗಿ ಓದುತ್ತಿರಬಹುದು. ಇಬ್ಬರಿಗೂ ಸೇರಿಸಿಯೇ ಬರೆದಿದ್ದೇನೆ.

1. ಎರಡು ವಾರ ಗಮನಿಸಿ

ದುಃಖ ಎಲ್ಲರಿಗೂ ಬರುತ್ತದೆ. ಮಳೆ ಕೈಕೊಟ್ಟಿತು, ಕಬ್ಬಿನ ಬಿಲ್ಲು ಬರಲಿಲ್ಲ, ಮನೆಯಲ್ಲಿ ಹಿರಿಯರು ತೀರಿಕೊಂಡರು ಅಂದರೆ ಮನಸ್ಸು ಕುಗ್ಗುತ್ತದೆ, ಅದು ಸಹಜ. ಆದರೆ ದುಃಖದಲ್ಲಿ ಇರುವವರು ಮೊಮ್ಮಗು ಬಂದು ತೊಡೆಯ ಮೇಲೆ ಕೂತರೆ ಒಂದು ಗಳಿಗೆಯಾದರೂ ನಗುತ್ತಾರೆ. ಖಿನ್ನತೆ ಜೋರಾಗಿದ್ದರೆ ಆ ನಗುವೂ ಬರುವುದಿಲ್ಲ.

ಡಾಕ್ಟರು ಮುಖ್ಯವಾಗಿ ಒಂಬತ್ತು ವಿಷಯ ನೋಡುತ್ತಾರೆ. ದಿನದ ಬಹುಪಾಲು ಮನಸ್ಸು ಕುಗ್ಗಿರುವುದು. ಮೊದಲು ಇಷ್ಟವಾಗುತ್ತಿದ್ದ ಯಾವುದೂ ಬೇಡ ಅನ್ನಿಸುವುದು. ನಿದ್ದೆ ಹತ್ತದೆ ಇರುವುದು, ಇಲ್ಲವೇ ಇಡೀ ದಿನ ಮಲಗಿಯೇ ಇರುವುದು. ಊಟ ಕಡಿಮೆಯಾಗುವುದು ಅಥವಾ ಜಾಸ್ತಿಯಾಗುವುದು. ಏನೂ ಮಾಡದೆ ದಣಿವು. 'ನಾನು ಯಾರಿಗೂ ಬೇಡವಾದವಳು, ಎಲ್ಲ ನನ್ನಿಂದಲೇ ಆಯ್ತು' ಎಂಬ ಕೊರಗು. ಯಾವುದರಲ್ಲೂ ಲಕ್ಷ್ಯ ನಿಲ್ಲದಿರುವುದು. ಮಾತು, ನಡಿಗೆ ನಿಧಾನವಾಗುವುದು ಅಥವಾ ಕೂತಲ್ಲಿ ಕೂರಲಾಗದ ಚಡಪಡಿಕೆ. ಕೊನೆಯದು ಸಾವಿನ ಯೋಚನೆ. ಇವುಗಳಲ್ಲಿ ಐದು ಅಥವಾ ಹೆಚ್ಚು, ಹೆಚ್ಚು ಕಡಿಮೆ ದಿನಾ, ಎರಡು ವಾರದಿಂದ ಇವೆಯೇ? ಆ ಐದರಲ್ಲಿ ಮೊದಲ ಎರಡರಲ್ಲಿ ಒಂದಾದರೂ ಸೇರಿದೆಯೇ? ದಿನದ ಕೆಲಸ ಕೆಟ್ಟಿದೆಯೇ? ಹಾಗಾದರೆ ಇನ್ನು ಕಾಯಬೇಡಿ. ಸಾವಿನ ಯೋಚನೆ ಬಂದಿದ್ದರೆ ಈ ಲೆಕ್ಕ ಯಾವುದೂ ಬೇಕಿಲ್ಲ, ಅವತ್ತೇ ಹೊರಡಿ.

ನಮ್ಮಲ್ಲಿ ಇದು ಮನಸ್ಸಿನ ಹೆಸರಲ್ಲಿ ಬರುವುದು ಕಡಿಮೆ. ಮೈಕೈ ನೋವು, ತಲೆ ಭಾರ, ಎದೆ ಉರಿ, ಕೈಕಾಲು ಸೋತ ಹಾಗೆ ಅಂತ ಬರುತ್ತದೆ. ಶಕ್ತಿ ಇಲ್ಲ ಅಂತ ಸಲೈನ್ ಹಚ್ಚಿಸಿಕೊಂಡು ಬರುತ್ತಾರೆ. ಎರಡು ದಿನ ಹಗುರ ಅನ್ನಿಸುತ್ತದೆ, ಮತ್ತೆ ಅದೇ. ಸ್ಕ್ಯಾನ್, ಇಸಿಜಿ, ರಕ್ತ ಪರೀಕ್ಷೆ ಎಲ್ಲ ಸರಿ ಇದ್ದರೂ ನೋವು ಹೋಗದಿದ್ದರೆ ಖಿನ್ನತೆಯನ್ನು ನೆನಪಿಸಿಕೊಳ್ಳಿ. ಆ ನೋವು ನಾಟಕ ಅಲ್ಲ. ಗಂಡಸರಲ್ಲಿ ಇದು ಎಷ್ಟೋ ಸಲ ಸಿಟ್ಟಾಗಿ, ಕುಡಿತವಾಗಿ ಹೊರಗೆ ಬರುತ್ತದೆ. ವಯಸ್ಸಾದವರಲ್ಲಿ ಮರೆವಿನ ಹಾಗೆ ಕಾಣುತ್ತದೆ. ಹೆರಿಗೆಯಾದ ಹೊಸತರಲ್ಲಿ ತಾಯಂದಿರಿಗೂ ಬರುತ್ತದೆ. ಆಗ ಬಾಣಂತನದ ಸುಸ್ತು ಅಂತ ಮನೆಯವರು ಸುಮ್ಮನಾಗುವುದೇ ಜಾಸ್ತಿ.

2. ಕೇಳಲೇಬೇಕಾದ ಪ್ರಶ್ನೆ ಕೇಳಿ

ಮನೆಯವರಿಗೆ ಕಷ್ಟದ ಹೆಜ್ಜೆ ಇದು. ನೇರವಾಗಿ ಕೇಳಬೇಕು. 'ಅಣ್ಣಾ, ಜೀವ ಬ್ಯಾಡ ಅನಸಾಕತ್ತೈತೇನು? ಸಾಯೂ ವಿಚಾರ ಬಂದೈತೇನು?' ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗೆ ಆಗುತ್ತದೆ ಅಂತ ಹೆದರುತ್ತೇವೆ. ಹಾಗೆ ಆಗುವುದಿಲ್ಲ. ಯಾರೋ ಕೇಳಿದರಲ್ಲ ಅಂತ ಎದೆಯ ಭಾರ ಇಳಿಯುವುದೇ ಹೆಚ್ಚು.

ಹೌದು ಅಂದರೆ ಬೈಯಬೇಡಿ. 'ಮಕ್ಕಳ ಮುಖಾನರ ನೋಡಬಾರದೇನು' ಅಂತ ಆಣೆ ಹಾಕಬೇಡಿ. ಪಕ್ಕದಲ್ಲಿ ಕೂತು ಪೂರ್ತಿ ಕೇಳಿ. ಒಬ್ಬರನ್ನೇ ಬಿಡಬೇಡಿ. ಹೊಲಕ್ಕೆ ಹೊಡೆಯುವ ಎಣ್ಣೆ ಮನೆಯಲ್ಲಿದ್ದರೆ ಅವತ್ತೇ ಹೊರಗೆ ಸಾಗಿಸಿ, ಬೇರೆಯವರ ಹತ್ತಿರ ಬೀಗ ಹಾಕಿ ಇಡಿಸಿ. ಇದು ಸಣ್ಣ ಕೆಲಸ ಅಂತ ಅನ್ನಿಸಬಹುದು, ಆದರೆ ಜೀವ ಉಳಿಸುವ ಕೆಲಸ. ಸಾಯುವ ಹಂಬಲ ಬಹಳ ಸಲ ಒಂದು ಹೊತ್ತಿಗೆ ಉಕ್ಕಿ ಬಂದು ಇಳಿಯುತ್ತದೆ. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಮನುಷ್ಯ ಉಳಿಯುತ್ತಾನೆ. ಶ್ರೀಲಂಕಾದಲ್ಲಿ ತೀರಾ ವಿಷಕಾರಿಯಾದ ಕೀಟನಾಶಕಗಳನ್ನು ನಿಷೇಧಿಸಿದ ಮೇಲೆ ಆತ್ಮಹತ್ಯೆಗಳು ಬಹಳ ಇಳಿದವು.

ಫೋನ್ ನಂಬರ್ 14416. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಮನೆಯವರೂ ಮಾಡಬಹುದು. ಜೀವಕ್ಕೆ ಅಪಾಯ ಎದುರಿಗೇ ಇದ್ದರೆ 108ಕ್ಕೆ ಮಾಡಿ ಹತ್ತಿರದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕೇಸ್ ಆಗುತ್ತದೆ ಅಂತ ಮುಚ್ಚಿಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಕಾನೂನು ತಿಳಿಯುತ್ತದೆ. ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ ಅಂತಲೂ ಅದರಲ್ಲಿ ಇದೆ.

3. ಎಲ್ಲಿಗೆ ಹೋಗಬೇಕು

ಹತ್ತಿರದಿಂದ ಶುರು ಮಾಡಿ. ತಾಲೂಕು ಆಸ್ಪತ್ರೆಗೆ ಮಂಗಳವಾರ ಮಾನಸಿಕ ರೋಗ ತಜ್ಞರು ಬರುವ ಮನೋಚೈತನ್ಯ ಎಂಬ ಕಾರ್ಯಕ್ರಮ ನಮ್ಮ ರಾಜ್ಯದಲ್ಲಿದೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಬರುತ್ತಾರೆ ಅಂತ ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯನ್ನೋ ಮೊದಲೇ ಕೇಳಿಕೊಳ್ಳಿ. ಕೂಲಿ ಬಿಟ್ಟು ಹೋಗಿ ಬರಿಗೈಲಿ ಬಂದರೆ ಎರಡನೇ ಸಲ ಹೊರಡಲು ಮನಸ್ಸು ಬರುವುದಿಲ್ಲ. ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆ, ನವನಗರದಲ್ಲಿ ನಿಜಲಿಂಗಪ್ಪ ಮೆಡಿಕಲ್ ಕಾಲೇಜಿನ ಆಸ್ಪತ್ರೆ, ವಿಜಯಪುರದಲ್ಲಿ ಬಿಎಲ್‌ಡಿಇ, ಬೆಳಗಾವಿಯಲ್ಲಿ ಬಿಮ್ಸ್ ಮತ್ತು ಕೆಎಲ್‌ಇ ಇವೆ. ಇವುಗಳಲ್ಲಿ ಯಾವುದಾದರೂ ಆದೀತು.

ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಹೆಸರು ಹೇಳಿದರೆ ಇನ್ನೂ ಮುಖ ಸಿಂಡರಿಸುವವರು ಇದ್ದಾರೆ. 'ಇವನ್ನ ಧಾರವಾಡಕ್ಕ ಒಯ್ಯಬೇಕು' ಅನ್ನೋದು ನಮ್ಮ ಕಡೆ ಬೈಗುಳವೇ ಆಗಿಬಿಟ್ಟಿದೆ. ಆ ಮಾತಿನಿಂದ ಎಷ್ಟು ಜನ ಹಿಂದೆ ಸರಿದಿದ್ದಾರೋ. ಅಲ್ಲಿ ಹೊರರೋಗಿಗಳಾಗಿ ತೋರಿಸಿ, ಗುಳಿಗೆ ತಗೊಂಡು, ಸಂಜೆ ಬಸ್ಸಿಗೆ ಊರಿಗೆ ಬರಬಹುದು. ಖಿನ್ನತೆ ಇರುವ ಹೆಚ್ಚಿನವರಿಗೆ ಅಡ್ಮಿಟ್ ಆಗುವ ಅಗತ್ಯವೇ ಬೀಳುವುದಿಲ್ಲ.

ದೇವರು, ಮಠ, ಹರಕೆ ಇವುಗಳ ಬಗ್ಗೆ ನನ್ನ ತಕರಾರಿಲ್ಲ. ಬನಶಂಕರಿಗೆ ಹೋಗಿ ಬಂದು ಸಮಾಧಾನ ಸಿಕ್ಕರೆ ಒಳ್ಳೆಯದೇ. ಹೋಗಿ, ಆದರೆ ಗುಳಿಗೆ ಚೀಲದಲ್ಲಿ ಇರಲಿ. ಗುಳಿಗೆ ಬಿಟ್ಟರೆ ಮಾತ್ರ ನೋಡುತ್ತೇನೆ ಅನ್ನುವವರ ಹತ್ತಿರ ಹೋಗಬೇಡಿ.

4. ಮೊದಲ ಭೇಟಿಯಲ್ಲಿ ಏನು ಹೇಳಬೇಕು

ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುವ ಸಮಯ ಕಡಿಮೆ. ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಯಾವಾಗ ಶುರುವಾಯಿತು, ನಿದ್ದೆ ಹೇಗಿದೆ, ಊಟ ಹೇಗಿದೆ, ಸಾವಿನ ಯೋಚನೆ ಇದೆಯೇ. ಬಿಪಿ, ಸಕ್ಕರೆ, ಸಂಧಿನೋವು, ಏನಕ್ಕೇ ಆಗಲಿ ಈಗ ತಗೊಳ್ಳುವ ಗುಳಿಗೆಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಹೋಗಿ. ಕುಡಿತ ಇದ್ದರೆ ಎಷ್ಟು ಅಂತ ನಿಜ ಹೇಳಿ. ಗರ್ಭಿಣಿಯೋ, ಎದೆ ಹಾಲು ಕುಡಿಸುತ್ತಿದ್ದೀರೋ ಅದನ್ನೂ ಹೇಳಿ.

ಇನ್ನೊಂದು ಸಂಗತಿ ಹೆಚ್ಚಿನವರು ಹೇಳುವುದೇ ಇಲ್ಲ. ಹಿಂದೆ ಯಾವಾಗಲಾದರೂ ಕೆಲವು ದಿನ ನಿದ್ದೆಯೇ ಬೇಕಿಲ್ಲ ಅನ್ನುವಷ್ಟು ಹುರುಪು, ವಿಪರೀತ ಮಾತು, ಕೈಮೀರಿದ ಖರ್ಚು, ದೊಡ್ಡ ದೊಡ್ಡ ಯೋಜನೆ ಬಂದಿದ್ದವೇ? ಬಂದಿದ್ದರೆ ಅದು ಬೈಪೋಲಾರ್, ಅಂದರೆ ಮನಸ್ಸು ಕೆಲವು ಕಾಲ ಕುಗ್ಗಿ ಕೆಲವು ಕಾಲ ವಿಪರೀತ ಏರುವ ಕಾಯಿಲೆ, ಇರಬಹುದು. ಅದಕ್ಕೆ ಬರೀ ಖಿನ್ನತೆಯ ಗುಳಿಗೆ ಕೊಟ್ಟರೆ ಮನಸ್ಸು ಆ ವಿಪರೀತ ಹುರುಪಿನ ಕಡೆಗೆ ಹಾರಿಬಿಡಬಹುದು. ಚಿಕಿತ್ಸೆಯ ದಾರಿಯೇ ಬೇರೆ. ಈ ಒಂದು ಪ್ರಶ್ನೆಗೆ ಮನೆಯವರು ಉತ್ತರ ಕೊಡುವುದು ಒಳ್ಳೆಯದು, ಹೊರಗಿನಿಂದ ನೋಡಿದವರು ಅವರೇ ಅಲ್ವಾ.

ಥೈರಾಯಿಡ್, ಹಿಮೋಗ್ಲೋಬಿನ್, ಬಿ12, ಸಕ್ಕರೆ ಪರೀಕ್ಷೆ ಬರೆದುಕೊಟ್ಟರೆ ಮಾಡಿಸಿ. ಥೈರಾಯಿಡ್ ಕಡಿಮೆಯಾದರೂ ರಕ್ತ ಕಡಿಮೆಯಾದರೂ ಇದೇ ರೀತಿ ಸುಸ್ತು, ಬೇಸರ ಬರುತ್ತದೆ.

5. ಗುಳಿಗೆ: ಮೊದಲ ತಿಂಗಳು ದಾಟಿಸಿ

ಲಕ್ಷಣ ಹಗುರವಾಗಿದ್ದರೆ ಗುಳಿಗೆ ಇಲ್ಲದೆ ಮಾತಿನ ಚಿಕಿತ್ಸೆ ಒಂದೇ ಸಾಕಾಗಬಹುದು. ಮಧ್ಯಮ, ತೀವ್ರ ಇದ್ದರೆ ಗುಳಿಗೆ ಬೇಕಾಗುತ್ತದೆ. ಎರಡೂ ಸೇರಿದರೆ ಇನ್ನೂ ಒಳ್ಳೆಯದು.

ಈಗ ಸಾಮಾನ್ಯವಾಗಿ ಮೊದಲು ಬರೆಯುವುದು ಎಸಿಟಲೋಪ್ರಾಮ್, ಸರ್ಟ್ರಲಿನ್, ಫ್ಲೂಕ್ಸೆಟಿನ್ ಇಂಥ ಗುಳಿಗೆಗಳನ್ನು. ಬೆಲೆ ಜಾಸ್ತಿ ಅನ್ನಿಸಿದರೆ ಜನೌಷಧಿ ಕೇಂದ್ರದಲ್ಲಿ ಕೇಳಿ, ಬಹಳ ಅಗ್ಗಕ್ಕೆ ಸಿಗುತ್ತವೆ. ಇವು ಚಟ ಹಿಡಿಸುವ ಗುಳಿಗೆಗಳಲ್ಲ. ಚಟ ಹಿಡಿಸುವುದು ಅಲ್‌ಪ್ರಜೋಲಾಮ್‌ನಂಥ ನಿದ್ದೆ ಗುಳಿಗೆ. ಅದನ್ನು ಡಾಕ್ಟರು ಕೆಲವು ದಿನಕ್ಕೆ ಅಂತ ಕೊಟ್ಟಿರುತ್ತಾರೆ. ನಾವು ಹಳೇ ಚೀಟಿ ಹಿಡಿದು ಮೆಡಿಕಲ್ ಅಂಗಡಿಯಿಂದ ತಿಂಗಳುಗಟ್ಟಲೆ ತರುತ್ತೇವೆ. ಖಿನ್ನತೆಯ ಗುಳಿಗೆ ಬಿಟ್ಟು ನಿದ್ದೆ ಗುಳಿಗೆ ಮುಂದುವರಿಸಿದ ಮನೆಗಳನ್ನು ಕಂಡಿದ್ದೇನೆ. ಪೂರ್ತಿ ಉಲ್ಟಾ ಅದು. ಯಾವ ಗುಳಿಗೆ ಯಾವುದಕ್ಕೆ, ಎಷ್ಟು ದಿನ ಅಂತ ಡಾಕ್ಟರ ಎದುರೇ ಕೇಳಿ ಚೀಟಿಯ ಮೇಲೆ ಕನ್ನಡದಲ್ಲಿ ಬರೆಸಿಕೊಳ್ಳಿ.

ಮೊದಲ ವಾರವೇ ಕಷ್ಟದ್ದು. ಹೊಟ್ಟೆ ತೊಳಸುವುದು, ಭೇದಿ, ತಲೆನೋವು, ಸ್ವಲ್ಪ ಕಳವಳ ಬರಬಹುದು. ಗುಣ ಇನ್ನೂ ಶುರುವಾಗಿರುವುದಿಲ್ಲ, ತೊಂದರೆ ಮಾತ್ರ ಶುರುವಾಗಿರುತ್ತದೆ. 'ಈ ಗುಳಿಗಿ ನನಗ ಆಗಿಬರಂಗಿಲ್ಲ' ಅಂತ ಮಂದಿ ಬಿಡುವುದು ಇಲ್ಲೇ. ಈ ತೊಂದರೆಗಳು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಇಳಿಯುತ್ತವೆ. ಊಟವಾದ ಮೇಲೆ ತಗೊಂಡರೆ ಹೊಟ್ಟೆಗೆ ಹಗುರ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ತಿಳಿಯಲು ಆರರಿಂದ ಎಂಟು ವಾರ. ಕ್ಯಾಲೆಂಡರಿನಲ್ಲಿ ನಾಲ್ಕನೇ ವಾರಕ್ಕೆ ಗುರುತು ಹಾಕಿ. ಅಲ್ಲಿಯವರೆಗೆ ಗುಳಿಗೆ ಕೆಲಸ ಮಾಡುತ್ತಿಲ್ಲ ಅನ್ನುವ ತೀರ್ಮಾನಕ್ಕೆ ಬರಬೇಡಿ. ತೊಂದರೆ ತಡೆಯಲು ಆಗದಷ್ಟಿದ್ದರೆ ನೀವಾಗಿ ನಿಲ್ಲಿಸದೆ ಡಾಕ್ಟರಿಗೆ ಹೇಳಿ. ಬದಲಿಸಲು ಬೇರೆ ಗುಳಿಗೆಗಳಿವೆ. ಗಂಡ ಹೆಂಡತಿ ಸಂಬಂಧದಲ್ಲಿ ಆಸಕ್ತಿ ಕಡಿಮೆಯಾಗುವುದೂ ಒಂದು ಅಡ್ಡ ಪರಿಣಾಮ. ನಾಚಿಕೆಯಿಂದ ಇದನ್ನು ಹೇಳದೆ ಗುಳಿಗೆಯನ್ನೇ ಬಿಡುವವರು ಬಹಳ. ಹೇಳಿದರೆ ಅದಕ್ಕೂ ದಾರಿ ಇದೆ.

ಮನೆಯವರು ಇಲ್ಲಿ ಕಣ್ಣು ಬಿಟ್ಟು ನೋಡಬೇಕು. ಕೆಲವರಲ್ಲಿ ಮನಸ್ಸು ಗೆಲುವಾಗುವ ಮೊದಲೇ ಮೈಗೆ ಶಕ್ತಿ ಬರುತ್ತದೆ. ಇಪ್ಪತ್ತೈದರ ಒಳಗಿನ ವಯಸ್ಸಿನವರಲ್ಲಿ ಶುರುವಿನ ವಾರಗಳಲ್ಲಿ ಸಾವಿನ ಯೋಚನೆ ಹೆಚ್ಚಾಗಬಹುದು. ಚಡಪಡಿಕೆ ಏರಿದರೆ ಮುಂದಿನ ಭೇಟಿಗೆ ಕಾಯದೆ ಅವತ್ತೇ ಡಾಕ್ಟರಿಗೆ ತಿಳಿಸಿ. ಗುಳಿಗೆ ಡಬ್ಬಿ ಒಬ್ಬರು ನಂಬಿಗಸ್ತರ ಕೈಯಲ್ಲಿ ಇರಲಿ.

ನೋವಿಗೆ ಅಂತ ಟ್ರಮಡಾಲ್ ತಗೊಳ್ಳುವ ಮೊದಲು ಕೇಳಿ, ಈ ಗುಳಿಗೆಗಳ ಜೊತೆ ಅದು ಸರಿಹೋಗುವುದಿಲ್ಲ. ಇನ್ನು ಕರೆಂಟ್ ಕೊಡುವುದರ ಬಗ್ಗೆ ಸಿನಿಮಾ ನೋಡಿ ಹೆದರಿದ್ದೇವೆ. ಊಟ ನೀರು ಬಿಟ್ಟು ಕೂತವರಿಗೆ, ಸಾವಿನ ಅಪಾಯ ತೀರಾ ಹತ್ತಿರ ಇರುವವರಿಗೆ ಅದು ಬೇಗ ಕೆಲಸ ಮಾಡುವ ಚಿಕಿತ್ಸೆ. ಅರಿವಳಿಕೆ ಕೊಡದೆ ಮಾಡುವುದನ್ನು ಕಾನೂನೇ ನಿಷೇಧಿಸಿದೆ.

6. ಮಾತಿನ ಚಿಕಿತ್ಸೆ, ಮತ್ತು ಕೈಗೆ ಕೆಲಸ

ಕೌನ್ಸೆಲಿಂಗ್ ಅಂದರೆ ಬುದ್ಧಿವಾದ ಅಂತ ತಿಳಿದಿದ್ದೇವೆ. ಬುದ್ಧಿವಾದ ಹೇಳಲು ಊರ ತುಂಬ ಜನ ಇದ್ದಾರೆ. ಮನಶ್ಶಾಸ್ತ್ರಜ್ಞರು ಮಾಡುವುದು ಬೇರೆ. ಒಂದು ಬಗೆಯಲ್ಲಿ ತಲೆಯಲ್ಲಿ ತಿರುಗುವ ಯೋಚನೆಯನ್ನು ಹಿಡಿದು ಪರೀಕ್ಷೆ ಮಾಡಿಸುತ್ತಾರೆ. 'ನನ್ನಿಂದ ಏನೂ ಆಗುವುದಿಲ್ಲ' ಅನ್ನುವ ಹುಡುಗನಿಗೆ ಈ ವಾರ ಮಾಡಿದ್ದನ್ನು ಬರೆಸಿ, ಆ ಮಾತು ಎಷ್ಟು ನಿಜ ಅಂತ ಅವನ ಬಾಯಲ್ಲೇ ಹೇಳಿಸುತ್ತಾರೆ. ಇದು ಸಿಬಿಟಿ (ಕಾಗ್ನಿಟಿವ್ ಬಿಹೇವಿಯರ್ ಥೆರಪಿ). ಹೆಚ್ಚಾಗಿ ವಾರಕ್ಕೊಮ್ಮೆ, ಮೂರು ನಾಲ್ಕು ತಿಂಗಳು ನಡೆಯುತ್ತದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನಶ್ಶಾಸ್ತ್ರಜ್ಞರ ಹುದ್ದೆಯೂ ಇರುತ್ತದೆ. ಡಾಕ್ಟರನ್ನು ಕೇಳಿ ಅವರನ್ನೂ ಕಾಣಿ.

ಇನ್ನೊಂದು ಬಗೆ ನಮ್ಮ ಹಳ್ಳಿಗಳಿಗೆ ಬಹಳ ಹೊಂದುತ್ತದೆ ಅಂತ ನನ್ನ ನಂಬಿಕೆ. ಮೊದಲು ಕೆಲಸ, ಆಮೇಲೆ ಮನಸ್ಸು ಅನ್ನುವ ದಾರಿ. ಖಿನ್ನತೆಯಲ್ಲಿ ನಾವು ಮನಸ್ಸು ಬಂದ ಮೇಲೆ ಮಾಡೋಣ ಅಂತ ಕಾಯುತ್ತೇವೆ. ಮನಸ್ಸು ಬರುವುದೇ ಇಲ್ಲ. ಮಾಡದೆ ಇದ್ದಷ್ಟೂ ಇನ್ನೂ ಕುಗ್ಗುತ್ತದೆ. ಗಾಳಿ ಹಿಡಿದ ಪಂಪಿಗೆ ಮೊದಲು ಒಂದು ಕೊಡ ನೀರು ಹಾಕಿದರೇ ಅದು ಬಾವಿಯ ನೀರನ್ನು ಎಳೆಯುವುದು, ಹಾಗೆಯೇ ಇದು. ಪಕ್ಕದ ಗೋವಾದಲ್ಲಿ ತಜ್ಞರಲ್ಲದ, ತರಬೇತಿ ಪಡೆದ ಸಾಮಾನ್ಯ ಜನರೇ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಆರರಿಂದ ಎಂಟು ಭೇಟಿಯಲ್ಲಿ ಇದನ್ನು ಕಲಿಸಿದರು. ತೀವ್ರ ಖಿನ್ನತೆ ಇದ್ದವರಿಗೂ ಗುಣ ಕಂಡಿತು. 2017ರಲ್ಲಿ ಆ ಅಧ್ಯಯನ ಪ್ರಕಟವಾಯಿತು.

ಮಾಡುವ ಬಗೆ ಹೀಗೆ. ಮೂರು ದಿನ ಏನೂ ಬದಲಿಸಬೇಡಿ. ಯಾವ ಹೊತ್ತಿಗೆ ಏನು ಮಾಡಿದೆ, ಆಗ ಮನಸ್ಸು ಹೇಗಿತ್ತು ಅಂತ ಹತ್ತಕ್ಕೆ ಎಷ್ಟು ಅಂಕ ಅಂತ ಬರೆಯಿರಿ. ಬರೆಯಲು ಬಾರದವರಿಗೆ ಮಕ್ಕಳು ಬರೆದುಕೊಡಲಿ. ನೋಡಿದರೆ ತಿಳಿಯುತ್ತದೆ, ಎಲ್ಲ ಹೊತ್ತೂ ಒಂದೇ ಇರುವುದಿಲ್ಲ. ಗುಳೇದಗುಡ್ಡದಲ್ಲಿ ಕಣ (ಕುಪ್ಪಸದ ಬಟ್ಟೆ) ನೇಯುವ ಮನೆಯ ಒಬ್ಬ ಹೆಣ್ಣುಮಗಳು ಅಂದುಕೊಳ್ಳಿ. ಮಲಗಿದಾಗ ಒಂದು ಅಂಕ, ಅಕ್ಕನ ಜೊತೆ ಮಾತಾಡುತ್ತ ನೂಲಿನ ಕಂಡಿಕೆ ಸುತ್ತಿದಾಗ ಮೂರು. ಹಾಗಾದರೆ ನಾಳೆ ಬೆಳಿಗ್ಗೆ ಹತ್ತಕ್ಕೆ, ಅಕ್ಕನ ಮನೆಯಲ್ಲಿ, ಐದು ಕಂಡಿಕೆ. ಇಡೀ ದಿನದ ಕೆಲಸ ಬೇಡ. ಹೊತ್ತು, ಜಾಗ, ಅಳತೆ ಮೂರೂ ಮೊದಲೇ ಗೊತ್ತುಮಾಡಿ. ಮನಸ್ಸು ಬಂದರೆ ಅಂತ ಬಿಡಬೇಡಿ. ಆಗಲಿಲ್ಲವೇ, ಐದನ್ನು ಎರಡು ಮಾಡಿ. ಮಾಡಿದ ಮೇಲೆ ಖುಷಿ ಆಗದಿದ್ದರೂ ಪರವಾಗಿಲ್ಲ, ಮೊದಲು ಹಾಗೆಯೇ ಇರುತ್ತದೆ. ಒಂದು ಕೆಲಸ ಕೈಯದ್ದು, ಒಂದು ಮಂದಿಯ ಜೊತೆಯದ್ದು, ಒಂದು ಮೈ ಬೆವರುವಂಥದ್ದು. ಈ ಮೂರೂ ವಾರದಲ್ಲಿ ಬರಲಿ. ಹೊಲದ ಬದುವಿನ ಮೇಲೆ ಅರ್ಧ ಗಂಟೆ ಚುರುಕಾಗಿ ನಡೆದರೂ ಆಯಿತು.

ನಿದ್ದೆಗೆ ಒಂದೇ ಮಾತು. ಎಷ್ಟು ಹೊತ್ತಿಗೆ ಮಲಗಿದರೂ ಏಳುವ ಹೊತ್ತು ಬದಲಾಗಬಾರದು. ಮಧ್ಯಾಹ್ನದ ನಿದ್ದೆ ಕಡಿಮೆ ಮಾಡಿ. ಸಂಜೆಯ ಚಹಾ ಬಿಡಿ. ಕುಡಿತ ನಿದ್ದೆ ಬರಿಸಿದ ಹಾಗೆ ಕಂಡರೂ ನಡುರಾತ್ರಿ ಎಬ್ಬಿಸುತ್ತದೆ, ಖಿನ್ನತೆಯನ್ನು ಹೆಚ್ಚಿಸುತ್ತದೆ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್ ಬರಬಹುದು. ಅದನ್ನು ಡಾಕ್ಟರ ಕಣ್ಣೆದುರೇ ಬಿಡಿ.

ಸಾಲ ಇದ್ದರೆ ಸಾಲದ ಮಾತನ್ನೂ ಚಿಕಿತ್ಸೆಯ ಒಳಗೆ ತನ್ನಿ. ಗುಳಿಗೆ ಸಾಲ ತೀರಿಸುವುದಿಲ್ಲ. ಆದರೆ ಖಿನ್ನತೆಯಲ್ಲಿ ಎಲ್ಲ ಸಾಲವೂ ಒಂದೇ ಬೆಟ್ಟದ ಹಾಗೆ ಕಾಣುತ್ತದೆ. ಬ್ಯಾಂಕಿನದು ಎಷ್ಟು, ಕೈಸಾಲ ಎಷ್ಟು, ಯಾವುದು ಕಾಯುತ್ತದೆ, ಯಾವುದು ಕಾಯುವುದಿಲ್ಲ ಅಂತ ಕಾಕಾನನ್ನೋ ಮಾವನನ್ನೋ ಪಕ್ಕ ಕೂರಿಸಿಕೊಂಡು ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಈ ವಾರ ಒಂದರ ಬಗ್ಗೆ ಮಾತ್ರ ಹೋಗಿ ಮಾತಾಡಿ. ಹೊಲ ಮಾರುವುದು, ಕೆಲಸ ಬಿಡುವುದು ಇಂಥ ದೊಡ್ಡ ತೀರ್ಮಾನಗಳನ್ನು ಗುಣವಾಗುವ ತನಕ ಮುಂದೆ ಹಾಕಿ.

7. ಮನೆಯವರು

'ನಿನಗೇನ ಕಡಿಮಿ ಆಗೈತಿ? ಉಣ್ಣಾಕ ತಿನ್ನಾಕ ಐತಿ, ಸುಮ್ನ ತಲಿಗೆ ಹಚ್ಚಿಕೊಂಡಿ' ಅನ್ನುತ್ತೇವೆ. ಪ್ರೀತಿಯಿಂದಲೇ ಅನ್ನುತ್ತೇವೆ. ಕೇಳುವವರಿಗೆ ಅದು ತಪ್ಪು ತನ್ನದೇ ಅಂತ ಕೇಳಿಸುತ್ತದೆ. ಅದರ ಬದಲು 'ಬಾ, ಗುಡಿತನಕ ನಡದ ಬರೂಣು' ಅನ್ನಿ. ಬರಲ್ಲ ಅಂದರೆ ನಾಳೆ ಮತ್ತೆ ಕರೆಯಿರಿ. ಸೊಸೆಗೆ ಖಿನ್ನತೆ ಬಂದರೆ ತವರಿಗೆ ಕಳಿಸಿಬಿಡುವುದು, ಮದುವೆ ಮಾಡಿದರೆ ಸರಿಹೋಗುತ್ತಾನೆ ಅಂತ ಹುಡುಗನಿಗೆ ಹೆಣ್ಣು ನೋಡುವುದು, ಇವೆರಡನ್ನೂ ದಯವಿಟ್ಟು ಮಾಡಬೇಡಿ. ಮದುವೆ ಖಿನ್ನತೆಗೆ ಚಿಕಿತ್ಸೆ ಅಲ್ಲ. ಇನ್ನೊಂದು ಜೀವವೂ ಅದರೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ.

ನೋಡಿಕೊಳ್ಳುವವರು ಒಬ್ಬರೇ ಆದರೆ ಅವರೂ ಸೋಲುತ್ತಾರೆ. ಗುಳಿಗೆ ಒಬ್ಬರು, ಆಸ್ಪತ್ರೆಗೆ ಒಬ್ಬರು, ಸಂಜೆ ಜೊತೆಗೆ ಕೂರಲು ಒಬ್ಬರು ಅಂತ ಹಂಚಿಕೊಳ್ಳಿ.

8. ಆರಾಮಾದ ಮೇಲೆ

ಎರಡನೇ ಕಷ್ಟದ ಹೊತ್ತು ಇದು. ಊಟ ಸೇರುತ್ತಿದೆ, ನಿದ್ದೆ ಬರುತ್ತಿದೆ, ಇನ್ಯಾಕೆ ಗುಳಿಗೆ ಅನ್ನಿಸುತ್ತದೆ. ಪೂರ್ತಿ ಗುಣವಾದ ಮೇಲೂ ಕಡಿಮೆ ಅಂದರೆ ಆರರಿಂದ ಒಂಬತ್ತು ತಿಂಗಳು ಗುಳಿಗೆ ಮುಂದುವರಿಯಬೇಕು. ಆರು ತಿಂಗಳ ಲೆಕ್ಕ ಶುರುವಾಗುವುದು ಆರಾಮಾದ ದಿನದಿಂದ, ಮೊದಲ ಗುಳಿಗೆ ತಗೊಂಡ ದಿನದಿಂದ ಅಲ್ಲ. ಎರಡು ಮೂರು ಸಲ ಬಂದಿದ್ದರೆ ಎರಡು ವರ್ಷ ಅಥವಾ ಇನ್ನೂ ಹೆಚ್ಚು ಕಾಲ ಬೇಕಾಗಬಹುದು. ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಕಳವಳ, ಶಾಕ್ ಹೊಡೆದ ಹಾಗೆ ಅನ್ನಿಸುವುದು, ನಿದ್ದೆಗೇಡು ಬರುತ್ತವೆ. ಹಾಗಾಗಿ ಡಾಕ್ಟರು ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಗೋವಾಕ್ಕೋ ಮಹಾರಾಷ್ಟ್ರಕ್ಕೋ ದುಡಿಯಲು ಹೋಗುವವರು ಅಷ್ಟು ದಿನದ ಗುಳಿಗೆ ಮತ್ತು ಚೀಟಿಯ ಫೋಟೋ ತಗೊಂಡೇ ಹೊರಡಿ.

ಮತ್ತೆ ಬಾರದ ಹಾಗೆ ನೋಡಿಕೊಳ್ಳಲು ಒಂದು ಹಾಳೆ ಬರೆದಿಡಿ. ಕಳೆದ ಸಲ ಮೊದಲು ಕೆಟ್ಟದ್ದು ಏನು ಅಂತ ನೆನಪಿಸಿಕೊಳ್ಳಿ. ಒಬ್ಬರಿಗೆ ನಸುಕಿನ ಮೂರಕ್ಕೇ ಎಚ್ಚರ, ಇನ್ನೊಬ್ಬರಿಗೆ ಫೋನ್ ಎತ್ತದೆ ಇರುವುದು, ಮತ್ತೊಬ್ಬರಿಗೆ ಸ್ನಾನ ತಪ್ಪುವುದು. ನಿಮ್ಮದು ಯಾವುದು ಅಂತ ಮನೆಯವರಿಗೂ ಗೊತ್ತಿರಲಿ. ಅದು ಒಂದು ವಾರ ಕಂಡರೆ ಏನು ಮಾಡುವುದು, ಯಾರಿಗೆ ಹೇಳುವುದು, ಯಾವ ಆಸ್ಪತ್ರೆಗೆ ಹೋಗುವುದು ಅಂತ ಆರಾಮಿರುವಾಗಲೇ ಬರೆಯಿರಿ. ಕುಗ್ಗಿದಾಗ ಯೋಚಿಸಲು ಆಗುವುದಿಲ್ಲ. ಗುಳಿಗೆ ನಿಂತ ಮೇಲೂ ನಡಿಗೆ, ಏಳುವ ಹೊತ್ತು, ವಾರದ ಭೇಟಿಗಳು ಮುಂದುವರಿಯಲಿ.

ಗುಳಿಗೆ ಇಳಿಸಲು ಶುರು ಮಾಡುವ ತಿಂಗಳನ್ನೂ ಡಾಕ್ಟರ ಹತ್ತಿರ ಮಾತಾಡಿ ಆರಿಸಿಕೊಳ್ಳಿ. ಮನೆಯಲ್ಲಿ ಮದುವೆ, ಹೆರಿಗೆ, ಮಕ್ಕಳ ಪರೀಕ್ಷೆ, ಕಬ್ಬು ಕಡಿದು ಬಿಲ್ಲಿಗಾಗಿ ಕಾಯುವ ದಿನಗಳು ಇದ್ದರೆ ಅವು ಮುಗಿಯಲಿ. ಕೆಲಸ ಹಗುರವಿರುವ, ಮನೆಯಲ್ಲಿ ಮಂದಿ ಇರುವ ಹೊತ್ತು ಒಳ್ಳೆಯದು. ಇಳಿಸುವಾಗ ಹಳೇ ಲಕ್ಷಣ ತಲೆ ಎತ್ತಿದರೆ ಹಿಂದಿನ ಪ್ರಮಾಣಕ್ಕೆ ಮರಳಿ ಕೆಲವು ತಿಂಗಳು ಬಿಟ್ಟು ಮತ್ತೆ ನೋಡೋಣ ಅಂತ ಡಾಕ್ಟರು ಹೇಳಬಹುದು. ಹಾಗೆ ಹೇಳಿದರೆ ಒಪ್ಪಿಕೊಳ್ಳಿ.